ಕೊಡಲು ಬಾರದ ಪುಸ್ತಕಗಳು

ಪದವಿ ತರಗತಿಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ತೀರಿಕೊಂಡು ಒಂದು ವರ್ಷವಾಗುತ್ತ ಬಂತು. ಅವರು ಹೋದ ಎರಡು ತಿಂಗಳಿಗೆ ಅವರ ಮಗಳು ಫೋನ್ ಮಾಡಿ, ‘ಮನೆ ಖಾಲಿ ಮಾಡ್ತಿದೀವಿ, ಅಪ್ಪನ ಪುಸ್ತಕಗಳನ್ನ ಏನಾದ್ರೂ ಮಾಡಬೇಕಲ್ಲ, ಒಂದ್ಸಲ ಬಂದುಹೋಗಪ್ಪ’ ಎಂದರು. ಎರಡು ದಿನ ನೆಲದ ಮೇಲೆ ಕೂತು ವಿಂಗಡಿಸಿದೆವು. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಮೇಷ್ಟ್ರ ಸಹಿ, ಕೊಂಡ ದಿನಾಂಕ, ಊರು. ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಕೊಂಡವುಗಳಲ್ಲಿ ಅವರ ಸಹಿಯ ಮೇಲೆ ಇನ್ಯಾರದೋ ಸಹಿ. ಒಂದರಲ್ಲಿ, ಮದುವೆಯ ಉಡುಗೊರೆಯಾಗಿ ಯಾರೋ ಯಾರಿಗೋ ಕೊಟ್ಟ ಬರಹವೂ ಇತ್ತು. ಕಾಲೇಜಿನ ಗ್ರಂಥಾಲಯಕ್ಕೆ ಆರು ರಟ್ಟಿನ ಪೆಟ್ಟಿಗೆ, ಊರಿನ ವಾಚನಾಲಯಕ್ಕೆ ಮೂರು, ಹಳೆಯ ವಿದ್ಯಾರ್ಥಿಗಳಿಗೆ ಅವರವರು ಕೇಳಿದ್ದು. ನನ್ನ ಪಾಲಿಗೂ ಒಂದಿಷ್ಟು ಬಂದವು.

ಕೊನೆಗೆ ಉಳಿದದ್ದು ಒಂದು ಇ-ರೀಡರ್. ಕಣ್ಣಿನ ಶಸ್ತ್ರಚಿಕಿತ್ಸೆಯ ಮೇಲೆ ಸಣ್ಣಕ್ಷರ ಓದಲು ಕಷ್ಟವೆಂದು ಹೊರದೇಶದಲ್ಲಿರುವ ಮಗ ಕಳಿಸಿದ್ದು. ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡಿಕೊಳ್ಳಬಹುದೆಂದು ಮೇಷ್ಟ್ರು ಅದನ್ನು ಬಲು ಪ್ರೀತಿಯಿಂದ ಬಳಸುತ್ತಿದ್ದರು. ಕೊನೆಯ ಏಳು ವರ್ಷ ಅವರು ಕೊಂಡ ಪುಸ್ತಕಗಳೆಲ್ಲ ಅದರಲ್ಲೇ ಇದ್ದವು, ಇನ್ನೂರಕ್ಕೂ ಹೆಚ್ಚು. ‘ಇದರಲ್ಲಿರೋದನ್ನ ಯಾರಿಗೆ ಕೊಡೋಣ?’ ಎಂದು ಅಕ್ಕ ಕೇಳಿದರು. ನೋಡಿ ಹೇಳುತ್ತೇನೆ ಎಂದೆ. ಆ ರಾತ್ರಿ ಕೂತು, ನಾವು ಯಾರೂ ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವ ಆ ಉದ್ದನೆಯ ಷರತ್ತುಗಳನ್ನು ಓದಿದೆ. ತಾತ್ಪರ್ಯ ಇಷ್ಟು: ಇಲ್ಲಿ ಯಾವುದನ್ನೂ ನಿಮಗೆ ಮಾರಿಲ್ಲ, ಓದಲು ಅನುಮತಿ ಕೊಟ್ಟಿದ್ದೇವೆ, ಆ ಅನುಮತಿ ನಿಮ್ಮೊಬ್ಬರಿಗೆ, ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ.

ಆ ಯಂತ್ರವನ್ನು ಹಾಗೇ ಯಾರ ಕೈಗಾದರೂ ಇಟ್ಟರೆ ಕೇಳುವವರು ಯಾರು? ಯಾರೂ ಇಲ್ಲ, ನಿಜ. ಆದರೆ ಇನ್ನೂರು ಪುಸ್ತಕವೂ ಒಬ್ಬರಿಗೇ ಹೋಗಬೇಕು, ಬ್ಯಾಟರಿ ಇರುವಷ್ಟು ದಿನ, ಖಾತೆ ನಡೆಯುವಷ್ಟು ದಿನ. ಕಾಲೇಜಿಗಿಷ್ಟು, ವಾಚನಾಲಯಕ್ಕಿಷ್ಟು ಎಂದು ಹಂಚಲು ಬರುವುದಿಲ್ಲ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ: ಕೊಡಲು ಬಾರದ್ದನ್ನು ನಮ್ಮದು ಎನ್ನಬಹುದೇ?

ಕಾಗದದ ಪುಸ್ತಕವನ್ನು ಕೊಂಡವನು ಅದನ್ನು ಮಾರಬಹುದು, ಕೊಡಬಹುದು ಎಂಬುದು ನಮಗೆ ಗಾಳಿ ನೀರಿನಷ್ಟು ಸಹಜವೆನಿಸುತ್ತದೆ. ಅದೂ ಒಮ್ಮೆ ಜಗಳವಾಡಿ ಗೆದ್ದ ಹಕ್ಕು. 1904ರಲ್ಲಿ ಅಮೆರಿಕದ ಬಾಬ್ಸ್-ಮೆರಿಲ್ ಎಂಬ ಪ್ರಕಾಶನ ಸಂಸ್ಥೆ ‘ದಿ ಕ್ಯಾಸ್ಟ್‌ಅವೇ’ ಎಂಬ ಕಾದಂಬರಿಯ ಒಳಗೆ ಒಂದು ಸೂಚನೆ ಅಚ್ಚು ಹಾಕಿತು. ಪುಸ್ತಕದ ಬೆಲೆ ಒಂದು ಡಾಲರ್, ಅದಕ್ಕಿಂತ ಕಡಿಮೆಗೆ ಮಾರಲು ಯಾವ ವ್ಯಾಪಾರಿಗೂ ಪರವಾನಗಿ ಇಲ್ಲ, ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆ. ನ್ಯೂಯಾರ್ಕಿನ ಮೇಸಿ ಮಳಿಗೆ ಅದನ್ನು 89 ಸೆಂಟಿಗೆ ಮಾರಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1908ರಲ್ಲಿ ಕೋರ್ಟು ಮಳಿಗೆಯ ಪರ ನಿಂತಿತು. ಪುಸ್ತಕವನ್ನು ಒಮ್ಮೆ ಮಾರಿದ ಮೇಲೆ ಆ ಪ್ರತಿ ಮುಂದೆ ಯಾರ ಕೈಗೆ, ಯಾವ ಬೆಲೆಗೆ ಹೋಗಬೇಕು ಎಂದು ಹೇಳುವ ಅಧಿಕಾರ ಪ್ರಕಾಶಕನಿಗೆ ಉಳಿಯುವುದಿಲ್ಲ ಎಂದಿತು. ‘ಪರವಾನಗಿ’ ಎಂಬ ಮಾತು ಅಲ್ಲಿ ಆಗಲೇ ಇತ್ತು ಎಂಬುದನ್ನು ಗಮನಿಸಿ. ಪುಸ್ತಕ ಮಾರಿ, ಮಾರಿಲ್ಲ ಎನ್ನುವ ಆಸೆ ಕಂಪ್ಯೂಟರಿಗಿಂತ ಹಳೆಯದು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ನಿನಲ್ಲೂ ಇದೇ ತಿಳಿವಳಿಕೆ ಇದೆ. ಪ್ರತಿಗಳನ್ನು ಸಾರ್ವಜನಿಕರಿಗೆ ಒದಗಿಸುವ ಹಕ್ಕು ಕೃತಿಸ್ವಾಮ್ಯ ಉಳ್ಳವರದು, ಆದರೆ ಒಮ್ಮೆ ಮಾರಾಟವಾದ ಪ್ರತಿಯನ್ನು ಈಗಾಗಲೇ ಚಲಾವಣೆಯಲ್ಲಿರುವ ಪ್ರತಿ ಎಂದೇ ಎಣಿಸಬೇಕು. ಅಂದರೆ ಒಂದೇ ಪುಸ್ತಕದಲ್ಲಿ ಎರಡು ಒಡೆತನಗಳು ಒಟ್ಟಿಗೆ ಬಾಳುತ್ತಿದ್ದವು. ನಕಲು ಮಾಡುವ ಹಕ್ಕು ಬರೆದವರದು, ಈ ಒಂದು ಪ್ರತಿಯನ್ನು ಏನು ಮಾಡಬೇಕೆಂಬ ಹಕ್ಕು ಕೊಂಡವರದು. ಇಬ್ಬರ ನಡುವಿನ ಬೇಲಿಯನ್ನು ಕಾಗದವೇ ಕಾಯುತ್ತಿತ್ತು. ಪುಸ್ತಕವನ್ನು ನಿಮಗೆ ಕೊಟ್ಟರೆ ಅದು ನನ್ನ ಬಳಿ ಇರುವುದಿಲ್ಲ. ಇಷ್ಟು ಸಾಕಿತ್ತು.

ಇ-ಪುಸ್ತಕದಲ್ಲಿ ಆ ಬೇಲಿ ಇಲ್ಲ. ಕಡತವನ್ನು ಕಳಿಸುವುದೆಂದರೆ ಇನ್ನೊಂದು ನಕಲು ಮಾಡುವುದು. ನಕಲಿನ ಹಕ್ಕು ಬರೆದವರದಾದ್ದರಿಂದ, ಕೊಂಡವರ ಕೈಯಲ್ಲಿ ಉಳಿಯುವುದು ಅವರು ಅನುಮತಿಸಿದಷ್ಟೇ. 2009ರ ಜುಲೈನಲ್ಲಿ ಇದರ ಅರ್ಥವೇನೆಂದು ಲೋಕಕ್ಕೆ ತಿಳಿಯಿತು. ಅಮೆಜಾನ್ ಸಂಸ್ಥೆ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಒಂದು ಆವೃತ್ತಿಯನ್ನು ಓದುಗರ ಕಿಂಡಲ್‌ಗಳಿಂದ ದೂರದಲ್ಲೇ ಕೂತು ಅಳಿಸಿಹಾಕಿತು. ಮಾರಾಟಕ್ಕಿಟ್ಟವರಿಗೆ ಅಮೆರಿಕದಲ್ಲಿ ಆ ಹಕ್ಕು ಇರಲಿಲ್ಲ ಎಂಬುದು ಕಾರಣ. ಹಣ ವಾಪಸಾಯಿತು. ಆದರೆ ಶಾಲೆಯ ಕೆಲಸಕ್ಕಾಗಿ ‘1984’ ಓದಿ ಟಿಪ್ಪಣಿ ಮಾಡಿಕೊಂಡಿದ್ದ ಹೈಸ್ಕೂಲು ಹುಡುಗನೊಬ್ಬನಿಗೆ, ಯಾವ ಸಾಲಿನ ಬಗ್ಗೆ ಬರೆದದ್ದೆಂದೇ ತಿಳಿಯದ ಟಿಪ್ಪಣಿಗಳು ಉಳಿದವು. ಅವನು ಮೊಕದ್ದಮೆ ಹೂಡಿದ. ಸಂಸ್ಥೆಯ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆ ಕೇಳಿದರು, ವ್ಯಾಜ್ಯ ರಾಜಿಯಾಯಿತು. ಹಳೆಯ ದಾಖಲೆಗಳನ್ನು ಸುಟ್ಟುಹಾಕುವ ಸರ್ಕಾರದ ಕಥೆಯೇ ಹೀಗೆ ಮಾಯವಾಯಿತಲ್ಲ ಎಂದು ಎಲ್ಲರೂ ನಕ್ಕರು. ನನಗೆ ಮುಖ್ಯವೆನಿಸುವುದು ಆ ವ್ಯಂಗ್ಯವಲ್ಲ. ಹಕ್ಕಿಲ್ಲದೆ ಅಚ್ಚಾದ ಕಾಗದದ ಪುಸ್ತಕವೊಂದು ನನ್ನ ಮನೆಯಲ್ಲಿದ್ದರೆ ಪ್ರಕಾಶಕ ಅಂಗಡಿಯ ಮೇಲೆ ದಾವೆ ಹೂಡಬಹುದು, ರಾತ್ರಿ ನನ್ನ ಕಪಾಟು ತೆರೆಯಲಾರ. ಈಗ ಕಪಾಟೇ ಅಂಗಡಿಯವನದು.

ಆಮೇಲೆ ಇಂಥವು ಬಂದವು, ಹೋದವು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ತನ್ನ ಇ-ಪುಸ್ತಕಗಳನ್ನು ಗ್ರಂಥಾಲಯಗಳು 26 ಸಲ ಎರವಲು ಕೊಟ್ಟ ಮೇಲೆ ಮತ್ತೆ ದುಡ್ಡು ಕೊಟ್ಟು ಪಡೆಯಬೇಕೆಂದಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಪುಸ್ತಕದ ಅಂಗಡಿ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಮುಚ್ಚಿಕೊಂಡವು. ಅಲ್ಲಿಯೂ ಹಣ ವಾಪಸು ಬಂತು, ಪುಸ್ತಕದಲ್ಲಿ ಟಿಪ್ಪಣಿ ಬರೆದುಕೊಂಡವರಿಗೆ 25 ಡಾಲರ್ ಹೆಚ್ಚಿಗೆ. ಅದೇ ವರ್ಷದ ಡಿಸೆಂಬರಿನಲ್ಲಿ ಯುರೋಪಿನ ಉನ್ನತ ನ್ಯಾಯಾಲಯ, ಓದಿ ಮುಗಿಸಿದ ಇ-ಪುಸ್ತಕವನ್ನು ಮರುಮಾರಾಟ ಮಾಡುವಂತಿಲ್ಲ ಎಂದು ತೀರ್ಪಿತ್ತಿತು. ಕ್ಯಾಲಿಫೋರ್ನಿಯಾ ರಾಜ್ಯ 2025ರ ಜನವರಿಯಿಂದ ಒಂದು ಕಾನೂನು ಜಾರಿಗೆ ತಂದಿದೆ. ಡಿಜಿಟಲ್ ಸರಕಿನ ಮೇಲೆ ‘ಕೊಳ್ಳಿ’ ಎಂದು ಬರೆಯುವುದಾದರೆ, ಇದು ಬರೀ ಪರವಾನಗಿ ಎಂಬುದನ್ನೂ ಗಿರಾಕಿಗೆ ಸ್ಪಷ್ಟವಾಗಿ ತಿಳಿಸಬೇಕು. ಪುಸ್ತಕವನ್ನು ಗಿರಾಕಿಯ ಕೈಗೆ ಕೊಡಿಸಲಾಗದ ಕಾನೂನು ಕನಿಷ್ಠ ಕ್ರಿಯಾಪದವನ್ನಾದರೂ ತಿದ್ದಿತು.

ಇಷ್ಟು ಹೇಳಿ ಕಂಪನಿಗಳನ್ನು ಬೈದು ಮುಗಿಸುವುದು ಸುಲಭ. ಆದರೆ ಎದುರು ಪಕ್ಷದ ವಾದದಲ್ಲೂ ಹುರುಳಿದೆ. ಕಾಗದದ ಹಳೆ ಪುಸ್ತಕ ಹಳದಿಯಾಗುತ್ತದೆ, ಹೊಲಿಗೆ ಬಿಚ್ಚುತ್ತದೆ, ಒಂದಲ್ಲ ಒಂದು ದಿನ ಯಾರಾದರೂ ಹೊಸದನ್ನು ಕೊಳ್ಳಬೇಕು. ಹಳೆಯ ಇ-ಪುಸ್ತಕ ಹೊಸದರಷ್ಟೇ ಹೊಸದು. ಅದನ್ನು ಕೈಯಿಂದ ಕೈಗೆ ದಾಟಿಸಲು ಬಿಟ್ಟರೆ ಊರಿಗೊಂದು ಪ್ರತಿ ಸಾಕು. ಯುರೋಪಿನ ನ್ಯಾಯಾಲಯ ತೂಗಿ ನೋಡಿದ್ದೂ ಇದನ್ನೇ. ಸಾವಿರ ಪ್ರತಿ ಅಚ್ಚು ಹಾಕಿ ಅದು ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡದ ಸಣ್ಣ ಪ್ರಕಾಶಕರ ಮುಂದೆ ನಿಂತು ‘ಓದುಗನ ಹಕ್ಕು’ ಎಂದು ಭಾಷಣ ಮಾಡಲು ನನಗೆ ನಾಲಿಗೆ ಏಳುವುದಿಲ್ಲ. ಏಳದಿರಲು ಇನ್ನೊಂದು ಕಾರಣವೂ ಇದೆ.

ನನ್ನ ಲ್ಯಾಪ್‌ಟಾಪಿನಲ್ಲಿ ‘ಓದಬೇಕಾದ್ದು’ ಎಂಬ ಫೋಲ್ಡರ್ ಇದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ಪಿಡಿಎಫ್‌ಗಳು. ಸಂಶೋಧನಾ ವಿದ್ಯಾರ್ಥಿಗಳ ನಡುವೆ ಇದೇನೂ ಗುಟ್ಟಲ್ಲ. ನಮ್ಮ ಗ್ರಂಥಾಲಯದಲ್ಲಿಲ್ಲದ, ನನ್ನ ಶಿಷ್ಯವೇತನದ ಅರ್ಧ ನುಂಗುವ ವಿದೇಶಿ ಪುಸ್ತಕಗಳ ಬಗ್ಗೆ ನನಗೆ ಅಷ್ಟೇನೂ ಪಾಪಪ್ರಜ್ಞೆಯಿಲ್ಲ. ಕಾನೂನೂ ಕಲಿಕೆಯ ಕಡೆಗೆ ಒಂದಿಷ್ಟು ವಾಲುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮೊದಲಾದ ಪ್ರಕಾಶಕರು ದಾವೆ ಹೂಡಿದಾಗ, ಪಾಠದ ಭಾಗವಾಗಿ ಪುಟಗಳನ್ನು ನಕಲು ಮಾಡಿಸುವುದು ಉಲ್ಲಂಘನೆಯಲ್ಲ ಎಂದು 2016ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಆದರೆ ಆ ತೀರ್ಪಿನ ನೆರಳಿನಲ್ಲಿ ಬಚ್ಚಿಟ್ಟುಕೊಳ್ಳಲಾಗದ ಕಡತಗಳೂ ನನ್ನ ಫೋಲ್ಡರಿನಲ್ಲಿವೆ.

ಎರಡು ವರ್ಷದ ಹಿಂದೆ ನಾನಿರುವ ಒಂದು ವಾಟ್ಸ್ಯಾಪ್ ಗುಂಪಿಗೆ ಆಗಷ್ಟೇ ಬಂದ ಕನ್ನಡ ಕಾದಂಬರಿಯೊಂದರ ಪಿಡಿಎಫ್ ಬಂತು. ಯಾರೋ ಪುಟಪುಟವನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದ್ದರು, ಮೂಲೆಯಲ್ಲಿ ಹೆಬ್ಬೆರಳು ಕಾಣುತ್ತಿತ್ತು. ‘ಧನ್ಯವಾದ ಸರ್’ಗಳ, ಕೈಮುಗಿಯುವ ಚಿತ್ರಗಳ ಸಾಲು. ನಾನೂ ಒಂದು ನಮಸ್ಕಾರ ಹಾಕಿದೆ. ಕಾದಂಬರಿಕಾರರು ಅದೇ ಗುಂಪಿನಲ್ಲಿದ್ದಾರೆಂಬುದು ನಮಗೆ ಮರೆತುಹೋಗಿತ್ತು. ಒಂದು ಗಂಟೆ ಬಿಟ್ಟು ಅವರು ಬರೆದದ್ದು ಇಷ್ಟೇ: ‘ಓದಿ ಹೇಗಿದೆ ಹೇಳಿ.’ ಆಮೇಲೆ ಗುಂಪಿನಲ್ಲಿ ಇಡೀ ದಿನ ಯಾರೂ ಏನೂ ಬರೆಯಲಿಲ್ಲ. ಕಳಿಸಿದವರು ಕೆಟ್ಟವರಲ್ಲ. ಒಳ್ಳೆಯ ಪುಸ್ತಕವನ್ನು ನಾಲ್ಕು ಜನರಿಗೆ ಮುಟ್ಟಿಸಿದೆ ಎಂದೇ ನಂಬಿದ್ದರು. ಮೇಷ್ಟ್ರು ನಮಗೆ ಪುಸ್ತಕ ಕೊಡುತ್ತಿದ್ದದ್ದೂ ಹಾಗೆಯೇ ಅಲ್ಲವೇ? ಅಲ್ಲ ಎಂದು ನನಗೆ ಗೊತ್ತಿತ್ತು. ಯಾಕೆ ಅಲ್ಲ ಎಂದು ಹೇಳಲು ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಎಣಿಸದ ಕಡೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ. ಆಸ್ತಿ ಹಂಚಿಕೆಯ ವಿಷಯದಲ್ಲಿ ಅದರ ಮಾತು ಇಂಡಿಯಾದ ಬಹುಭಾಗದಲ್ಲಿ ಕೋರ್ಟುಗಳವರೆಗೂ ನಡೆದು ಬಂದಿದೆ. ಅದರಲ್ಲಿ ದಾನವೆಂದರೇನೆಂದು ವಿವರಿಸುವಾಗ ಎರಡು ಅಂಗಗಳನ್ನು ಹೇಳಿದೆ. ಒಂದು, ಕೊಡುವವನ ಒಡೆತನ ಹಿಂದೆ ಸರಿಯಬೇಕು. ಎರಡು, ಪಡೆಯುವವನ ಒಡೆತನ ಹುಟ್ಟಬೇಕು. ಎರಡನೆಯದು ಪಡೆಯುವವನು ಒಪ್ಪಿ ತೆಗೆದುಕೊಂಡಾಗಲೇ ಪೂರ್ತಿಯಾಗುತ್ತದೆ. ಜಮೀನು, ಹಸು, ಹೊನ್ನಿನ ಲೋಕಕ್ಕಾಗಿ ಮಾಡಿದ ಈ ವಿಂಗಡಣೆಯನ್ನು ನನ್ನ ಕಷ್ಟದ ಮುಂದಿಟ್ಟು ನೋಡಿದೆ.

ವಾಟ್ಸ್ಯಾಪಿನಲ್ಲಿ ಪಿಡಿಎಫ್ ದಾಟಿಸಿದವರದು ದಾನದ ಎರಡನೆಯ ಅರ್ಧ ಮಾತ್ರ. ಪಡೆದವರಿಗೆಲ್ಲ ಪುಸ್ತಕ ಸಿಕ್ಕಿತು, ಕೊಟ್ಟವರಿಗೆ ಏನೂ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ಬರೆದವರಿಗೆ, ಅವರನ್ನು ಯಾರೂ ಕೇಳಿರಲಿಲ್ಲ. ಇನ್ನೊಬ್ಬರ ಹಿತ್ತಲಿನ ಹೂವು ಕಿತ್ತು ದೇವರಿಗೆ ಏರಿಸಿದ ಹಾಗೆ. ಇತ್ತ ಪರವಾನಗಿಯ ಲೋಕದಲ್ಲಿ ಎರಡು ಅರ್ಧವೂ ಇಲ್ಲ. ಮೇಷ್ಟ್ರು ಬಿಟ್ಟುಕೊಡಲಾರರು, ಅವರದಾಗಿರಲೇ ಇಲ್ಲವಲ್ಲ. ಪಡೆಯುವವರಲ್ಲಿ ಒಡೆತನ ಹುಟ್ಟಲಾರದು. ಕಳ್ಳ ಪ್ರತಿ ಮತ್ತು ಬೀಗ ಹಾಕಿದ ಪ್ರತಿ ಪರಸ್ಪರ ಶತ್ರುಗಳೆಂದು ನಾನು ತಿಳಿದಿದ್ದೆ. ಎರಡೂ ಸೇರಿ ಒಬ್ಬನನ್ನು ಇಲ್ಲವಾಗಿಸಿವೆ: ತನ್ನದನ್ನು ಬಿಟ್ಟು ಇನ್ನೊಬ್ಬರಿಗೆ ಕೊಡುವ ಓದುಗನನ್ನು. ಒಂದೆಡೆ ಕೊಡುವುದಕ್ಕೆ ಬೆಲೆಯೇ ಇಲ್ಲ, ಇನ್ನೊಂದೆಡೆ ಕೊಡುವುದಕ್ಕೆ ಅವಕಾಶವೇ ಇಲ್ಲ.

ಹಾಗಾದರೆ ನಕಲು ಮಾಡಿ ಹಂಚುವುದೆಲ್ಲ ದಾನವಲ್ಲವೇ? ಕನ್ನಡ ಓದಿದವರಿಗೆ ಕೂಡಲೇ ಅತ್ತಿಮಬ್ಬೆ ನೆನಪಾಗುತ್ತಾಳೆ. ತನ್ನ ತಂದೆ ಮಲ್ಲಪ ಮತ್ತು ಅವನ ಸೋದರ ಪುನ್ನಮಯ್ಯ ಪೊನ್ನನಿಂದ ಬರೆಯಿಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳು ಅವಳು. ಅನ್ನ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವನ್ನೂ ದಾನಗಳಲ್ಲಿ ಎಣಿಸಿದ ಜೈನ ಧರ್ಮದಲ್ಲಿ ಅದು ಪುಣ್ಯದ ಕೆಲಸ. ಹತ್ತನೆಯ ಶತಮಾನದಲ್ಲಿ ಕೃತಿಸ್ವಾಮ್ಯವಿರಲಿಲ್ಲ, ಆದ್ದರಿಂದ ಅವಳನ್ನು ನಮ್ಮ ವಾಟ್ಸ್ಯಾಪ್ ಗುಂಪಿನ ಪೂರ್ವಜಳೆಂದು ಕರೆಯುವ ಚಪಲ ನನಗೂ ಬಂದಿತ್ತು. ಆದರೆ ತಾಳೆಗರಿಯ ಒಂದು ಪ್ರತಿ ಎಂದರೇನೆಂದು ಯೋಚಿಸಿ. ಗರಿಗಳನ್ನು ಹದ ಮಾಡಬೇಕು, ಕಂಠದಿಂದ ಅಕ್ಷರ ಕೊರೆಯಬೇಕು, ಮಸಿ ತುಂಬಬೇಕು. ಲಿಪಿಕಾರ ತಿಂಗಳುಗಟ್ಟಲೆ ಉಣ್ಣಬೇಕು. ಅಂಥದ್ದು ಸಾವಿರ. ಅತ್ತಿಮಬ್ಬೆ ಬಿಟ್ಟುಕೊಟ್ಟದ್ದು ಕಾವ್ಯವನ್ನಲ್ಲ, ತನ್ನ ಸಂಪತ್ತನ್ನು. ಕಾವ್ಯ ಪಡೆದವರದಾಯಿತು, ಖರ್ಚು ಕೊಟ್ಟವಳದಾಯಿತು. ಮುಂದೆ ರನ್ನನಿಗೆ ಆಶ್ರಯ ಕೊಟ್ಟು ಅಜಿತಪುರಾಣ ಬರೆಸಿದವಳೂ ಅವಳೇ. ಹಳೆಯ ಕವಿಯ ಕಾವ್ಯ ಹಂಚುವುದೂ ಇಂದಿನ ಕವಿಯನ್ನು ಸಾಕುವುದೂ ಅವಳಿಗೆ ಒಂದೇ ಕೆಲಸದ ಎರಡು ತುದಿಗಳಾಗಿದ್ದವು. ನಾವು ಒಂದು ತುದಿಯನ್ನಷ್ಟೇ ಹಿಡಿದುಕೊಂಡಿದ್ದೇವೆ.

ಈ ಅಳತೆಗೋಲು ಕೆಲವು ಹೊಸ ಜಗಳಗಳಲ್ಲೂ ದಾರಿ ತೋರುತ್ತದೆ. ಇಂಟರ್ನೆಟ್ ಆರ್ಕೈವ್ ಎಂಬ ಅಮೆರಿಕದ ಸಂಸ್ಥೆ ತನ್ನಲ್ಲಿರುವ ಕಾಗದದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಇರುವಷ್ಟೇ ಪ್ರತಿಗಳ ಲೆಕ್ಕದಲ್ಲಿ ಎರವಲು ಕೊಡುತ್ತಿತ್ತು. ಒಂದು ಪ್ರತಿ ಒಬ್ಬ ಓದುಗನ ಬಳಿ ಇರುವಾಗ ಮತ್ತೊಬ್ಬನಿಗೆ ಇಲ್ಲ. ಕೋವಿಡ್ ಶುರುವಾದ 2020ರಲ್ಲಿ ಕೆಲವು ಕಾಲ ಆ ಮಿತಿಯನ್ನು ತೆಗೆದುಹಾಕಿತು, ಪ್ರಕಾಶಕರು ದಾವೆ ಹೂಡಿದರು. 2023ರಲ್ಲಿ ಕೆಳಗಿನ ಕೋರ್ಟೂ 2024ರಲ್ಲಿ ಮೇಲಿನ ಕೋರ್ಟೂ ಸಂಸ್ಥೆಯ ವಿರುದ್ಧ ತೀರ್ಪಿತ್ತವು, ಮಿತಿಯಿಟ್ಟು ಕೊಡುವುದನ್ನೂ ಸೇರಿಸಿ. ಮಿತಿ ತೆಗೆದದ್ದು ತಪ್ಪೆಂದು ನನಗೂ ಅನಿಸುತ್ತದೆ. ಆದರೆ ಮಿತಿಯಿಟ್ಟು ಕೊಡುವುದು ಗ್ರಂಥಾಲಯಗಳು ಹಿಂದಿನಿಂದ ಮಾಡುತ್ತ ಬಂದದ್ದೇ. ಅಲ್ಲಿ ಕೊಟ್ಟವರ ಕಪಾಟು ಅಷ್ಟು ಹೊತ್ತು ಖಾಲಿಯಿರುತ್ತದೆ. ಕೊಟ್ಟಾಗ ನನ್ನಲ್ಲಿ ಇಲ್ಲವಾಗುವ, ಪಡೆದವರಲ್ಲಿ ಮಾತ್ರ ತೆರೆದುಕೊಳ್ಳುವ ಇ-ಪುಸ್ತಕವನ್ನು ರೂಪಿಸುವುದು ತಂತ್ರಜ್ಞಾನಕ್ಕೆ ಅಸಾಧ್ಯವಲ್ಲ. ನನ್ನ ಯಂತ್ರದಿಂದ ಪುಸ್ತಕವನ್ನು ಅಳಿಸಬಲ್ಲ ಕೈ, ನಾನು ಹೇಳಿದವರ ಯಂತ್ರಕ್ಕೆ ಅದನ್ನು ದಾಟಿಸಲೂ ಬಲ್ಲದು. ಹಳೆಯದು ಹೊಸದರಷ್ಟೇ ಹೊಸದಾಗಿರುತ್ತದೆ ಎಂಬ ಚಿಂತೆಗೆ ಒಂದು ಮಿತಿ ಇಡಬಹುದು: ವರ್ಷಕ್ಕೊಮ್ಮೆ ದಾಟಿಸಬಹುದು, ಸತ್ತ ಮೇಲೆ ಒಬ್ಬರಿಗೆ ಬಿಟ್ಟುಹೋಗಬಹುದು. ಊರಿಗೊಂದು ಪ್ರತಿ ಸಾಕಾಗುವ ಭಯ ಅಲ್ಲಿಗೆ ತಗ್ಗುತ್ತದೆ. ಇಷ್ಟೂ ಆಗದಿರಲು ಕಾರಣ ತಂತ್ರವಲ್ಲ, ಮನಸ್ಸು.

ಇಲ್ಲಿ ಒಬ್ಬ ಗೆಳೆಯ ಅಡ್ಡ ಪ್ರಶ್ನೆ ಹಾಕಿದ. ಸಿನಿಮಾ ಟಿಕೆಟ್ ಕೊಂಡವನು ಸಿನಿಮಾವನ್ನು ಮಗಳಿಗೆ ಬಿಟ್ಟುಹೋಗಬೇಕೆಂದು ಕೇಳುತ್ತಾನೆಯೇ? ಓದಿಯಾಯಿತು, ಮುಗಿಯಿತು. ನಾನು ಹೇಳಿದೆ: ಟಿಕೆಟ್ಟನ್ನು ಟಿಕೆಟ್ಟೆಂದೇ ಮಾರುತ್ತಾರೆ, ಪುಸ್ತಕವನ್ನು ಮಾತ್ರ ‘ಕೊಳ್ಳಿ’ ಎಂದು ಬರೆದು ಟಿಕೆಟ್ ಕೊಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಓದು ಒಂದೇ ಕೂರಿಕೆಯಲ್ಲಿ ಮುಗಿಯುವುದಲ್ಲ. ನಾವು ಯಾರೆಂಬುದನ್ನು ನಾವು ಏನನ್ನು ಕೊಡುತ್ತೇವೆ ಎಂಬುದರಿಂದಲೂ ಕಂಡುಕೊಳ್ಳುತ್ತೇವೆ. ‘ನಿನಗೆ ಇದು ಬೇಕಾಗುತ್ತೆ, ಇಟ್ಕೋ’ ಎಂದು ಮೇಷ್ಟ್ರು ಎರಡನೇ ವರ್ಷದಲ್ಲಿ ನನ್ನ ಕೈಗಿಟ್ಟ ಆರ್ವೆಲ್‌ನ ಪ್ರಬಂಧಗಳಿಂದ ನಾನು ಈ ದಾರಿಗೆ ಬಂದೆ. ಆ ಪುಸ್ತಕ ಅವರ ಕಪಾಟಿನಲ್ಲಿ ಬಿಟ್ಟ ಸಂದು ನನಗೆ ಕಾಣುತ್ತಿತ್ತು. ನನಗಾಗಿ ಒಬ್ಬರು ಏನನ್ನೋ ಕಳೆದುಕೊಂಡಿದ್ದಾರೆ ಎಂಬ ತಿಳಿವಳಿಕೆಯೂ ಆ ಓದಿನ ಭಾಗವಾಗಿತ್ತು. ಲಿಂಕಿನಿಂದ ಬಂದ ಸಾವಿರ ಪಿಡಿಎಫ್‌ಗಳಲ್ಲಿ ಒಂದೂ ನನ್ನ ಮೇಲೆ ಅಂಥ ಋಣ ಹೊರಿಸಿಲ್ಲ. ಬಹುಶಃ ಅದಕ್ಕೇ ಅವುಗಳಲ್ಲಿ ಹೆಚ್ಚಿನವನ್ನು ನಾನಿನ್ನೂ ತೆರೆದಿಲ್ಲ.

ಆರ್ವೆಲ್ ಸತ್ತದ್ದು 1950ರಲ್ಲಿ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕ ಸತ್ತ ಮೇಲೆ 60 ವರ್ಷ. ಅಂದರೆ 2011ರಿಂದ ‘1984’ ಇಂಡಿಯಾದಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಪುಸ್ತಕ. ಮೇಷ್ಟ್ರ ಇ-ರೀಡರಿನಲ್ಲೂ ಅದಿತ್ತು. ಎಲ್ಲರದೂ ಆಗಿರುವ ಆ ಪುಸ್ತಕ ಅಲ್ಲಿ ಮಾತ್ರ ಒಬ್ಬರ ಖಾತೆಯೊಳಗೆ, ಅವರು ಹೋದ ಮೇಲೂ, ಬೀಗ ಹಾಕಿಕೊಂಡು ಕೂತಿತ್ತು.

ಫೋಲ್ಡರಿನಲ್ಲಿ ಬದುಕಿರುವ ಕನ್ನಡ ಲೇಖಕರ ಪುಸ್ತಕಗಳು ಎಷ್ಟಿವೆಯೆಂದು ಎಣಿಸಿದೆ. 41. ಹೆಬ್ಬೆರಳು ಕಾಣುವ ಆ ಕಾದಂಬರಿಯಿಂದ ಶುರುಮಾಡಿ ತಿಂಗಳಿಗೆ ಎರಡರಂತೆ ಕೊಳ್ಳುತ್ತಿದ್ದೇನೆ, ಓದಿದ ಮೇಲೆ ಕಡತ ಅಳಿಸುತ್ತೇನೆ. ಅದರ ಲೇಖಕರಿಗೆ ಹೇಗಿದೆಯೆಂದು ಹೇಳಿ ಬರೆದೆ, ತಡವಾಗಿ. ಇದರಿಂದ ಯಾವ ಕಂಪನಿಯೂ ತನ್ನ ಷರತ್ತು ಬದಲಿಸುವುದಿಲ್ಲ ಎಂದು ಗೊತ್ತಿದೆ. ಆದರೆ ನನಗೆ ಕೊಡುವ ಹಕ್ಕು ಬೇಕೆಂದು ಕೇಳುವ ಮೊದಲು, ಕೊಡಬಹುದಾದದ್ದು ನನ್ನಲ್ಲಿ ಏನಾದರೂ ಇರಬೇಕಲ್ಲ.

ಮೇಷ್ಟ್ರ ಯಂತ್ರದ ವಿಷಯಕ್ಕೆ ಬಂದರೆ, ಅದನ್ನು ಅಕ್ಕನೇ ಇಟ್ಟುಕೊಂಡರು. ಹೊರಡುವ ಮುನ್ನ ಒಂದು ಕೆಲಸ ಮಾಡಿದೆ. ಅವರು ಓದುತ್ತ ಗುರುತು ಹಾಕಿದ ಸಾಲುಗಳನ್ನೂ ಬದಿಯಲ್ಲಿ ಬರೆದ ನಾಲ್ಕಾರು ಮಾತುಗಳನ್ನೂ ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಕೈಯಲ್ಲೇ ಬರೆದುಕೊಂಡೆ. ಮೂರು ಸಂಜೆ ಹಿಡಿಯಿತು, ಕೈ ನೋವಾಯಿತು. ಒಂದು ಕಡೆ ಮೇಷ್ಟ್ರು, ‘ಇದನ್ನು ಹುಡುಗರಿಗೆ ಓದಿ ಹೇಳಬೇಕು’ ಎಂದು ಬರೆದಿದ್ದರು. ಅವರು ನಿವೃತ್ತರಾಗಿ ಆಗಲೇ ಹತ್ತು ವರ್ಷವಾಗಿತ್ತು. ನೋಟ್‌ಬುಕ್ಕನ್ನು ಅಕ್ಕನಿಗೆ ಕೊಟ್ಟು ಬಂದೆ. ನನ್ನ ಬಳಿ ಅದರ ಪ್ರತಿ ಇಲ್ಲ.